ಪರಿಸರಸ್ನೇಹಿ ಡೈಪರ್ ಅಂತ ಬರೆದಿರೋದೆಲ್ಲ ನಿಜವಾ? ಏನು ನೋಡಿ ಆರಿಸೋದು?

ಮುಂಜಾವು:
ಹೆರಿಗೆಗೆ ಇನ್ನು ಕೆಲವೇ ವಾರ. ಮೊದಲ ಮಗು. ಹಗಲು ಮನೇಲಿದ್ದಾಗ ಬಟ್ಟೆ ಡೈಪರ್ ಹಾಕೋಣ ಅಂತಿದೆ. ಆದ್ರೆ ರಾತ್ರಿಗೆ, ಹೊರಗೆ ಹೋಗುವಾಗ, ಆಮೇಲೆ ನಾನು ಕೆಲಸಕ್ಕೆ ಮರಳಿದ ಮೇಲೆ ಬಳಸಿ ಎಸೆಯೋ ಡೈಪರ್ ಇಲ್ಲದೆ ಆಗಲ್ಲ. ಹಾಗಾಗಿ ಎಸೆಯೋ ಡೈಪರ್‌ಗಳಲ್ಲೇ ಭೂಮಿಗೆ ಹೊರೆ ಕಡಿಮೆ ಇರೋದನ್ನ ಗುರುತಿಸೋದು ಹೇಗೆ ಅಂತ ತಿಳ್ಕೋಬೇಕು.

ನೋಡಿದ ಪ್ಯಾಕೆಟ್‌ಗಳಲ್ಲೆಲ್ಲ ಹಸಿರು ಎಲೆ ಚಿತ್ರ. ಒಂದರ ಮೇಲೆ "ಬಿದಿರಿನದ್ದು", ಇನ್ನೊಂದರ ಮೇಲೆ "ಸಸ್ಯಮೂಲ", ಮತ್ತೊಂದರ ಮೇಲೆ "ಮಣ್ಣಲ್ಲಿ ಮಣ್ಣಾಗುತ್ತೆ", "ರಾಸಾಯನಿಕ ಮುಕ್ತ", "ಕ್ಲೋರಿನ್ ಮುಕ್ತ". ಇದರಲ್ಲಿ ಯಾವ ಮಾತಿಗೆ ತೂಕ ಇದೆ, ಯಾವುದಕ್ಕಿಲ್ಲ? ಬಲ್ಲವರು ಬಿಡಿಸಿ ಹೇಳಿ.

ನೀಲಿಹಕ್ಕಿ:
ಒಳ್ಳೆ ಪ್ರಶ್ನೆ. ಡೈಪರ್ ಒಳಗೆ ಏನೇನಿರುತ್ತೆ ಅಂತ ಗೊತ್ತಾದರೆ ಪ್ಯಾಕೆಟ್ ಮೇಲಿನ ಅರ್ಧ ಮಾತು ತಾನಾಗೇ ಅರ್ಥವಾಗುತ್ತೆ, ಅದಕ್ಕೆ ಅಲ್ಲಿಂದಲೇ ಶುರು ಮಾಡ್ತೀನಿ.

ಮಗುವಿನ ಚರ್ಮಕ್ಕೆ ತಾಗೋ ಮೇಲ್ಪದರ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್. ಅಂದ್ರೆ ಪ್ಲಾಸ್ಟಿಕ್ ಎಳೆಗಳನ್ನ ನೇಯದೆ ಒತ್ತಿ ಮಾಡಿದ ಹಾಳೆ. ಹೊರಗಿನ ಪದರ ಪಾಲಿಥೀನ್, ಒದ್ದೆ ಹೊರಬರದಂತೆ ತಡೆಯೋದು ಅದೇ. ನಡುವೆ ಇರೋದು ಹೀರುವ ಭಾಗ: ಮರದ ತಿರುಳಿನ ನಯವಾದ ಹತ್ತಿಯಂಥ ಪುಡಿ, ಅದರ ಜೊತೆ ಸೋಡಿಯಂ ಪಾಲಿಅಕ್ರಿಲೇಟ್ ಅನ್ನೋ ಹರಳು. ಒದ್ದೆಯಾದಾಗ ಜೆಲ್ ಆಗೋದು ಈ ಹರಳೇ. ಇವಲ್ಲದೆ ತೊಡೆಯ ಸುತ್ತ ಎಲಾಸ್ಟಿಕ್, ಸೊಂಟದ ಪಟ್ಟಿ, ಎಲ್ಲವನ್ನೂ ಹಿಡಿದಿಡೋ ಅಂಟು.

"ಸಸ್ಯಮೂಲ" ಅಂತ ಬರೆದಿದ್ದರೆ ಇವುಗಳಲ್ಲಿ ಯಾವ ಭಾಗ ಸಸ್ಯದ್ದು ಅಂತ ಕೇಳಿ. ಮರದ ತಿರುಳು ಬಹುಪಾಲು ಸಾಮಾನ್ಯ ಡೈಪರ್‌ಗಳಲ್ಲೂ ಇರುತ್ತೆ, ಅದನ್ನೇ ಲೆಕ್ಕಕ್ಕೆ ಹಿಡಿದು "ಇಷ್ಟು ಶೇಕಡ ಸಸ್ಯಮೂಲ" ಅಂತ ಹೇಳಿಬಿಡಬಹುದು. ಕೆಲವು ಕಂಪನಿಗಳು ನಿಜಕ್ಕೂ ಹೊರಪದರವನ್ನ ಕಬ್ಬಿನ ಎಥನಾಲ್‌ನಿಂದ ಮಾಡಿದ ಪಾಲಿಥೀನ್‌ಗೆ ಬದಲಾಯಿಸಿವೆ. ಪೆಟ್ರೋಲಿಯಂ ಬಳಕೆ ಅಷ್ಟು ಕಡಿಮೆಯಾಯ್ತು, ಒಳ್ಳೇದೇ. ಆದರೆ ಕಬ್ಬಿನಿಂದ ಬಂದರೂ ಪಾಲಿಥೀನ್ ಪಾಲಿಥೀನೇ. ಅಣುರಚನೆ ಒಂದೇ, ಮಣ್ಣಲ್ಲಿ ಉಳಿಯೋ ಕಾಲವೂ ಒಂದೇ. ಸಸ್ಯದಿಂದ ಬಂದಿದ್ದೆಲ್ಲ ಕೊಳೆಯುತ್ತೆ ಅನ್ನೋ ನಮ್ಮ ನಂಬಿಕೆ ಇಲ್ಲಿ ಕೆಲಸ ಮಾಡಲ್ಲ.

"ರಾಸಾಯನಿಕ ಮುಕ್ತ" ಅನ್ನೋ ಮಾತನ್ನ ಪೂರ್ತಿ ಮರೆತುಬಿಡಿ. ನೀರೂ ರಾಸಾಯನಿಕವೇ. ಏನಿಲ್ಲ ಅಂತ ಹೆಸರು ಹಿಡಿದು ಹೇಳಿದರೆ ಮಾತ್ರ ಬೆಲೆ: ಸುಗಂಧ ಇಲ್ಲ, ಲೋಷನ್ ಇಲ್ಲ, ಕ್ಲೋರಿನ್ ಬಳಸಿ ಬಿಳಿ ಮಾಡಿದ ತಿರುಳಿಲ್ಲ, ಹೀಗೆ.

ಹೊಂಗೆನೆರಳು:
ನಾನು ಘನತ್ಯಾಜ್ಯ ನಿರ್ವಹಣೆಯಲ್ಲಿ ಕೆಲಸ ಮಾಡೋನು. "ಮಣ್ಣಲ್ಲಿ ಮಣ್ಣಾಗುತ್ತೆ" ಬಗ್ಗೆ ನಾನು ಹೇಳ್ತೀನಿ, ಯಾಕಂದ್ರೆ ಅತಿ ಹೆಚ್ಚು ಜನ ದಾರಿ ತಪ್ಪೋದು ಇಲ್ಲೇ.

ಒಂದು ವಸ್ತು ಕೊಳೀಬೇಕಾದರೆ ಗಾಳಿ, ತೇವ, ಶಾಖ, ಸೂಕ್ಷ್ಮಜೀವಿ ಎಲ್ಲ ಸರಿಯಾದ ಪ್ರಮಾಣದಲ್ಲಿ ಒಟ್ಟಿಗೆ ಬೇಕು. ಲ್ಯಾಂಡ್‌ಫಿಲ್‌ನಲ್ಲಿ ಕಸವನ್ನ ಯಂತ್ರದಿಂದ ಒತ್ತಿ, ಮೇಲೆ ಮಣ್ಣು ಹೊದಿಸ್ತಾರೆ. ಒಳಗೆ ಗಾಳಿಯೇ ಆಡಲ್ಲ. ಅಲ್ಲಿ ಪ್ಲಾಸ್ಟಿಕ್ ಪದರ ಹಾಗೇ ಕೂತಿರುತ್ತೆ. ಕೊಳೆಯೋ ಮರದ ತಿರುಳು ಗಾಳಿಯಿಲ್ಲದೆ ಕೊಳೆತು ಮೀಥೇನ್ ಬಿಡುತ್ತೆ. ನೂರು ವರ್ಷದ ಲೆಕ್ಕದಲ್ಲಿ ನೋಡಿದರೂ ಇಂಗಾಲದ ಡೈಆಕ್ಸೈಡ್‌ಗಿಂತ ಇಪ್ಪತ್ತೈದು ಪಟ್ಟಿಗೂ ಹೆಚ್ಚು ಬಿಸಿ ಹಿಡಿದಿಡೋ ಅನಿಲ ಅದು. ಗಾಳಿಯಿಲ್ಲದ ಗುಂಡಿಗೆ ಹೋಗೋ ವಸ್ತು "ಕೊಳೆಯುತ್ತೆ" ಅನ್ನೋದು ಹವಾಮಾನದ ದೃಷ್ಟಿಯಿಂದ ಒಳ್ಳೇ ಸುದ್ದಿಯೇ ಅಲ್ಲ.

ಇದೇ ಕಾರಣಕ್ಕೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2012ರಲ್ಲಿ ಪರಿಷ್ಕರಿಸಿದ, ಪರಿಸರದ ಹೆಸರಲ್ಲಿ ಮಾಡೋ ಜಾಹೀರಾತುಗಳ ಬಗೆಗಿನ ತನ್ನ ಗ್ರೀನ್ ಗೈಡ್ಸ್ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ: ಲ್ಯಾಂಡ್‌ಫಿಲ್‌ಗೋ ಸುಡುವ ಘಟಕಕ್ಕೋ ಹೋಗುವ ವಸ್ತುವನ್ನ ಯಾವ ವಿವರಣೆಯೂ ಇಲ್ಲದೆ ಜೈವಿಕವಾಗಿ ಕರಗುತ್ತೆ ಅಂತ ಮಾರೋದು ಗ್ರಾಹಕರನ್ನ ದಾರಿ ತಪ್ಪಿಸಿದ ಹಾಗೆ, ಯಾಕಂದ್ರೆ ಅದು ಅಲ್ಲಿ ಒಂದು ವರ್ಷದೊಳಗೆ ಪೂರ್ತಿ ಕರಗಲ್ಲ.

ಇನ್ನೊಂದು ಪದ ಕಣ್ಣಿಗೆ ಬಿದ್ದರೆ ಆ ಪ್ಯಾಕೆಟ್ ಅಲ್ಲೇ ಬಿಟ್ಟುಬಿಡಿ: "ಆಕ್ಸೋ ಡಿಗ್ರೇಡಬಲ್". ಪ್ಲಾಸ್ಟಿಕ್‌ಗೆ ಏನೋ ಬೆರೆಸಿ ಬೇಗ ಚೂರುಚೂರಾಗೋ ಹಾಗೆ ಮಾಡಿರ್ತಾರೆ. ಅದು ಕರಗಿಹೋಗಲ್ಲ, ಮೈಕ್ರೋಪ್ಲಾಸ್ಟಿಕ್ ಅನ್ನೋ ಸಣ್ಣ ಸಣ್ಣ ಪ್ಲಾಸ್ಟಿಕ್ ಕಣ ಆಗುತ್ತೆ ಅಷ್ಟೇ. ಯುರೋಪಿಯನ್ ಒಕ್ಕೂಟ 2019ರ ನಿರ್ದೇಶನದಡಿ 2021ರ ಜುಲೈನಿಂದ ಇಂಥ ಪ್ಲಾಸ್ಟಿಕ್ ಮಾರಾಟವನ್ನೇ ನಿಲ್ಲಿಸಿದೆ.

ಮುಂಜಾವು:
ಇಬ್ಬರಿಗೂ ತುಂಬ ಥ್ಯಾಂಕ್ಸ್. ಹಾಗಾದ್ರೆ "ಕಾಂಪೋಸ್ಟ್ ಆಗುತ್ತೆ" ಅಂತ ಇರೋದನ್ನ ತಂದು ನಾವೇ ಕಾಂಪೋಸ್ಟ್ ತೊಟ್ಟಿಗೆ ಹಾಕಿದ್ರೆ?

ಹೊಂಗೆನೆರಳು:
ಬೇಡ. ಎರಡು ಕಾರಣ.

ಮೊದಲನೆಯದು ಮಲ. ಅದರಲ್ಲಿರೋ ರೋಗಾಣು ಸಾಯಬೇಕಾದರೆ ರಾಶಿಯ ಒಳಗಿನ ಶಾಖ 55 ಡಿಗ್ರಿ ಸೆಲ್ಸಿಯಸ್ ದಾಟಿ ದಿನಗಟ್ಟಲೆ ಹಾಗೇ ನಿಲ್ಲಬೇಕು. ಮನೆಯ ಚಿಕ್ಕ ತೊಟ್ಟಿಯಲ್ಲಿ ಅಷ್ಟು ಶಾಖ ನಿಲ್ಲೋದು ಕಷ್ಟ. ಆ ಗೊಬ್ಬರವನ್ನ ತರಕಾರಿ ಗಿಡಕ್ಕೆ ಹಾಕಿದರೆ ಅಪಾಯ.

ಎರಡನೆಯದು ವಸ್ತು. ಕಾಂಪೋಸ್ಟ್ ಆಗೋ ಡೈಪರ್‌ಗಳಲ್ಲಿ ಬಳಸೋ ಪಿಎಲ್‌ಎ ಅನ್ನೋ ಸಸ್ಯಮೂಲ ಪ್ಲಾಸ್ಟಿಕ್ ದೊಡ್ಡ ಘಟಕಗಳ ಶಾಖದಲ್ಲಿ ಮಾತ್ರ ಸರಿಯಾಗಿ ಒಡೆಯುತ್ತೆ. ಯುರೋಪಿನ ಇಎನ್ 13432 ಮಾನಕ ಕೇಳೋದೂ ಘಟಕದ ಸ್ಥಿತಿಯನ್ನೇ: 12 ವಾರದಲ್ಲಿ ಚೂರಾಗಬೇಕು, 6 ತಿಂಗಳಲ್ಲಿ ಶೇ 90ರಷ್ಟು ಜೈವಿಕವಾಗಿ ಒಡೆಯಬೇಕು. ಎಲಾಸ್ಟಿಕ್, ಅಂಟು, ಜೆಲ್ ಹರಳು ಬಹುಪಾಲು ಡೈಪರ್‌ಗಳಲ್ಲಿ ಪೆಟ್ರೋಲಿಯಂ ಮೂಲದ್ದೇ.

ನಿಮ್ಮಲ್ಲಿ ಬಳಸಿದ ಡೈಪರ್ ಒಯ್ದು ದೊಡ್ಡ ಘಟಕದಲ್ಲಿ ಕಾಂಪೋಸ್ಟ್ ಮಾಡೋ ಸೇವೆ ಇದ್ದರೆ ಮಾತು ಬೇರೆ, ಆಗ ಕಾಂಪೋಸ್ಟ್ ಡೈಪರ್‌ಗೆ ಅರ್ಥ ಇದೆ. ಆದರೆ ಮೊದಲು ಅವರನ್ನೇ ಕೇಳಿ, ಡೈಪರ್ ತಗೋತಾರಾ ಅಂತ. ಇನ್ನೂ ಒಂದು ಗಮನಿಸಿ: ಎಷ್ಟೋ ಸಲ ಆ ಕಾಂಪೋಸ್ಟ್ ಗುರುತು ಹೊರಗಿನ ಪ್ಯಾಕೆಟ್ ಚೀಲಕ್ಕೆ ಮಾತ್ರ ಇರುತ್ತೆ, ಒಳಗಿನ ಡೈಪರ್‌ಗಲ್ಲ. ಸಣ್ಣ ಅಕ್ಷರ ಓದಿ.

ಎರಡು ಮಕ್ಕಳ ಅಮ್ಮ:
ಮೇಲಿನವರು ಹೇಳಿದ್ದೆಲ್ಲ ಸರಿ, ಆದ್ರೆ ಒಂದು ದೊಡ್ಡ ವಿಷಯ ಯಾರೂ ಹೇಳಿಲ್ಲ. ಸೋರುವ ಡೈಪರ್ ಎಷ್ಟೇ ಹಸಿರಾಗಿದ್ದರೂ ಪರಿಸರಸ್ನೇಹಿ ಅಲ್ಲ. ಎರಡು ಗಂಟೆ ಇರಬೇಕಾದ್ದು ಮುಕ್ಕಾಲು ಗಂಟೆಗೇ ಸೋರಿದರೆ ಇನ್ನೊಂದು ಹಾಕಬೇಕು, ಮಗುವಿನ ಬಟ್ಟೆ, ಹಾಸಿಗೆ ಹೊದಿಕೆ, ನಮ್ಮ ಬಟ್ಟೆ ಎಲ್ಲ ಒಗೀಬೇಕು. ಎಲ್ಲಿಗೆ ಬಂತು ಉಳಿತಾಯ?

ಅದಕ್ಕೇ ನನ್ನ ಸಲಹೆ: ಯಾವ ಕಂಪನಿಯದ್ದೇ ಆಗಲಿ, ಮೊದಲು ಅತಿ ಚಿಕ್ಕ ಪ್ಯಾಕೆಟ್ ತಗೊಳ್ಳಿ. ಒಂದು ಮಗುವಿಗೆ ಸರಿಹೋಗಿದ್ದು ಇನ್ನೊಂದು ಮಗುವಿಗೆ ಆಗಲ್ಲ, ನನ್ನ ಇಬ್ಬರಿಗೂ ಬೇರೆ ಬೇರೆ ಬೇಕಾಯ್ತು. ದೊಡ್ಡವಳದ್ದು ಸಣ್ಣ ತೊಡೆ, ಚಿಕ್ಕವನು ಗುಂಡುಗುಂಡಗೆ. ನವಜಾತ ಅಳತೆಯದ್ದಂತೂ ಕೂಡಿಡಲೇಬೇಡಿ, ಮಕ್ಕಳು ಕೆಲವೇ ವಾರದಲ್ಲಿ ಅದನ್ನ ದಾಟ್ತಾರೆ. ಕೆಲವರು ಹುಟ್ಟುವಾಗಲೇ ದಾಟಿರ್ತಾರೆ.

ಹಾಕುವಾಗ ಸೊಂಟದಲ್ಲಿ ಎರಡು ಬೆರಳು ಹೋಗೋಷ್ಟು ಸಡಿಲ ಇರಲಿ. ತೊಡೆಯ ಹತ್ತಿರದ ನೆರಿಗೆ ಒಳಗೆ ಮಡಚಿಕೊಂಡಿದ್ದರೆ ಬೆರಳಿಂದ ಹೊರಗೆ ಎಳೀರಿ. ಎಷ್ಟೋ ಸಲ ಸೋರಿಕೆಗೆ ಕಾರಣ ಆ ಮಡಚಿದ ನೆರಿಗೆನೇ, ಡೈಪರ್ ಕೆಟ್ಟದ್ದಲ್ಲ. ಗಂಡು ಮಗುವಾದರೆ ಶಿಶ್ನ ಕೆಳಮುಖವಾಗಿ ಇರೋ ಹಾಗೆ ನೋಡ್ಕೊಳ್ಳಿ, ಇಲ್ಲದಿದ್ದರೆ ಸೊಂಟದ ಮೇಲಿಂದ ಒದ್ದೆಯಾಗುತ್ತೆ. ತೊಡೆಯ ಮೇಲೆ ಕೆಂಪು ಗೆರೆ ಆಳವಾಗಿ ಮೂಡ್ತಿದ್ದರೆ, ಅಥವಾ ಪದೇಪದೇ ಬೆನ್ನ ಕಡೆಯಿಂದ ಹೊರಬರ್ತಿದ್ದರೆ, ಪ್ಯಾಕೆಟ್ ಮೇಲಿನ ತೂಕದ ಲೆಕ್ಕ ಏನೇ ಹೇಳಲಿ, ಮುಂದಿನ ಅಳತೆಗೆ ಹೋಗಿ.

ಜೋಳಿಗೆ:
ನನ್ನದು ಬೇರೆ ಅಭಿಪ್ರಾಯ, ಕೇಳದಿದ್ದರೂ ಹೇಳ್ತೀನಿ. ಬಟ್ಟೆ ಡೈಪರ್ ಇರುವಾಗ "ಪರಿಸರಸ್ನೇಹಿ ಎಸೆಯುವ ಡೈಪರ್" ಅನ್ನೋ ಮಾತೇ ತಪ್ಪು. ಒಂದು ಮಗುವಿಗೆ ಸಾವಿರಗಟ್ಟಲೆ ಡೈಪರ್ ಎಸೆದು, ಮೇಲೆ ಒಂದು ಎಲೆ ಚಿತ್ರ ಅಂಟಿಸಿದರೆ ಸಾಕಾ? ನಮ್ಮ ಮಕ್ಕಳ ಕಾಲಕ್ಕೆ ಉಳಿಯೋದು ಆ ರಾಶಿನೇ ತಾನೆ. ಮುಂಜಾವು ಅವರೇ, ಬೇಸರ ಬೇಡ, ನಿಮ್ಮನ್ನ ದೂರ್ತಿಲ್ಲ. ಆದ್ರೆ ರಾತ್ರಿಯ ಹೊತ್ತಿಗೂ ಬಟ್ಟೆ ಆಗುತ್ತೆ ಅನ್ನೋದನ್ನ ಒಮ್ಮೆ ಯೋಚಿಸಿ.

ನೀಲಿಹಕ್ಕಿ:
ಜೋಳಿಗೆ ಅವರ ಕಾಳಜಿ ನನಗೂ ಇದೆ. ಕಸದ ರಾಶಿಯನ್ನಷ್ಟೇ ನೋಡಿದರೆ ಬಟ್ಟೆಯೇ ಗೆಲ್ಲುತ್ತೆ, ಅನುಮಾನ ಇಲ್ಲ. ಆದರೆ ಹತ್ತಿ ಬೆಳೆಯೋದರಿಂದ ಹಿಡಿದು ಒಗೆಯೋ ನೀರು, ಕರೆಂಟ್ ತನಕ ಎಲ್ಲ ಲೆಕ್ಕ ಹಾಕಿದಾಗ ಚಿತ್ರ ಅಷ್ಟು ಸಲೀಸಾಗಿಲ್ಲ.

ಬ್ರಿಟನ್ನಿನ ಪರಿಸರ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡೂವರೆ ವರ್ಷ ಎಸೆಯುವ ಡೈಪರ್ ಬಳಸಿದ ಮಗುವಿನ ಲೆಕ್ಕಕ್ಕೆ ಸುಮಾರು 550 ಕೆಜಿ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಹೊಗೆ ಬಂತು. ಬಟ್ಟೆಗೆ ಸರಾಸರಿ 570 ಕೆಜಿ. ಹೆಚ್ಚುಕಡಿಮೆ ಸಮ. ಆದರೆ ಬಟ್ಟೆಯ ಲೆಕ್ಕ ಮನೆಯವರ ಕೈಯಲ್ಲಿತ್ತು: ಮಷೀನ್ ತುಂಬಿದ ಮೇಲೆ ಒಗೆದು, ಡ್ರೈಯರ್ ಬಿಟ್ಟು ಹಗ್ಗದ ಮೇಲೆ ಒಣಗಿಸಿ, ಅದೇ ಬಟ್ಟೆಯನ್ನ ಎರಡನೇ ಮಗುವಿಗೂ ಬಳಸಿದರೆ ಸುಮಾರು 200 ಕೆಜಿ ಕಡಿಮೆ. ಎಲ್ಲವನ್ನೂ ಡ್ರೈಯರ್‌ನಲ್ಲಿ ಒಣಗಿಸಿದರೆ ಎಸೆಯುವ ಡೈಪರ್‌ಗಿಂತ ಹೆಚ್ಚು. 2023ರಲ್ಲಿ ಬ್ರಿಟನ್ ಸರ್ಕಾರದ ಪರಿಸರ ಇಲಾಖೆ ಹೊಸ ಲೆಕ್ಕ ಕೊಟ್ಟಿತು: ಎಸೆಯುವುದಕ್ಕೆ ಸುಮಾರು 457 ಕೆಜಿ, ಬಟ್ಟೆಗೆ ಸುಮಾರು 345. ಅಂದ್ರೆ ಬಟ್ಟೆ ಈಗ ಕಾಲು ಭಾಗ ಮುಂದಿದೆ.

ನನಗೆ ಆ ವರದಿಗಳಲ್ಲಿ ಇನ್ನೂ ಮುಖ್ಯ ಅನಿಸಿದ್ದು ಬೇರೆ. ಎಸೆಯುವ ಡೈಪರ್‌ನ ಹೊರೆಯಲ್ಲಿ ಬಹುಪಾಲು ಅದನ್ನ ತಯಾರಿಸುವಾಗಲೇ ಆಗಿಹೋಗಿರುತ್ತೆ, ಎಸೆಯುವಾಗ ಅಲ್ಲ. ಹಾಗಿದ್ದ ಮೇಲೆ "ಎಸೆದ ಮೇಲೆ ಏನಾಗುತ್ತೆ" ಅನ್ನೋದರ ಜೊತೆಗೆ "ಇದಕ್ಕೆ ಎಷ್ಟು ವಸ್ತು ಹಾಕಿದ್ದಾರೆ" ಅಂತಲೂ ಕೇಳಬೇಕು. ತೆಳ್ಳಗಿನ, ಹಗುರ ಡೈಪರ್ ಚೆನ್ನಾಗಿ ಹೀರಿಕೊಂಡರೆ ಅದೇ ದೊಡ್ಡ ಗೆಲುವು. 2008ರ ಆ ಅಧ್ಯಯನದ ಹೊತ್ತಿಗೆ ಬ್ರಿಟನ್ನಿನಲ್ಲಿ ಒಂದು ಡೈಪರ್‌ನ ಸರಾಸರಿ ತೂಕ 38.6 ಗ್ರಾಂ, ಅದಕ್ಕೂ ಕೆಲವೇ ವರ್ಷ ಮುಂಚೆ 44.6 ಗ್ರಾಂ ಇತ್ತು. ತೂಕ ಇಳಿದ ಹಾಗೆ ಹೊರೆಯೂ ಇಳಿಯಿತು.

ಇಲ್ಲೊಂದು ಕಹಿ ಸತ್ಯ ಇದೆ. ಡೈಪರ್ ತೆಳ್ಳಗಾಗಿದ್ದು ನಾವೆಲ್ಲ ಅನುಮಾನದಿಂದ ನೋಡೋ ಆ ಜೆಲ್ ಹರಳಿನಿಂದ. ಅದು ಶುದ್ಧ ನೀರಾದರೆ ತನ್ನ ತೂಕದ ನೂರಾರು ಪಟ್ಟು ಹೀರುತ್ತೆ. ಮೂತ್ರದಲ್ಲಿ ಉಪ್ಪಿರೋದರಿಂದ ಅಷ್ಟಾಗಲ್ಲ, ಆದರೂ ಮೂವತ್ತು ಪಟ್ಟಿನ ಆಸುಪಾಸು ಹೀರುತ್ತೆ. ಒತ್ತಿದರೂ ಬಿಡಲ್ಲ. ಬರೀ ಮರದ ತಿರುಳಿಂದ ಅದೇ ಕೆಲಸ ಮಾಡಿಸಬೇಕಾದರೆ ದಪ್ಪ ಡೈಪರ್ ಬೇಕು, ಬೇಗ ಬದಲಿಸಲೂ ಬೇಕು. "ಜೆಲ್ ಇಲ್ಲದ ನೈಸರ್ಗಿಕ ಡೈಪರ್" ಕೇಳೋಕೆ ಚೆಂದ, ಆದರೆ ದಿನಕ್ಕೆ ಎರಡು ಮೂರು ಹೆಚ್ಚು ಬೇಕಾದರೆ ಒಟ್ಟು ಹೊರೆ ಜಾಸ್ತಿಯೇ.

ಜೋಳಿಗೆ:
2023ರ ಲೆಕ್ಕ ನನ್ನ ಕಡೆಗೇ ಇದೆ ಅಂತಾಯ್ತು 🙂 ಆದ್ರೆ ಡ್ರೈಯರ್ ವಿಷಯ ಒಪ್ತೀನಿ, ಅದನ್ನ ಬಟ್ಟೆ ಡೈಪರ್ ಗುಂಪುಗಳಲ್ಲಿ ಯಾರೂ ಹೇಳಲ್ಲ. ಹಗಲು ಬಟ್ಟೆ, ರಾತ್ರಿ ಎಸೆಯೋದು ಅನ್ನೋ ಮುಂಜಾವು ಅವರ ಯೋಜನೆಗೆ ನನ್ನ ಬೆಂಬಲ ಇದೆ. ಅರ್ಧ ಕಡಿಮೆಯಾದರೂ ಅರ್ಧ ತಾನೆ.

ಬೆಳಗಿನ ಪಾಳಿ:
ಮಕ್ಕಳ ವಾರ್ಡ್‌ನಲ್ಲಿ ನರ್ಸ್ ಆಗಿದ್ದೀನಿ. ಚರ್ಮದ ಬಗ್ಗೆ ಸ್ವಲ್ಪ ಬರೀತೀನಿ, ಪರಿಸರದ ಜೊತೆ ಅದೂ ಸೇರಿಕೊಂಡಿದೆ.

ಜೆಲ್ ಹರಳು ವಿಷ ಅಂತ ಹೆದರಿ ಬರೋ ತಾಯಂದಿರು ತುಂಬ. ಈ ಭಯದ ಬೇರು 1980ರ ಆಸುಪಾಸಿನ ಟಾಕ್ಸಿಕ್ ಶಾಕ್ ಸಿಂಡ್ರೋಮ್ (ಬ್ಯಾಕ್ಟೀರಿಯಾದ ವಿಷದಿಂದ ಬರೋ ಗಂಭೀರ ಕಾಯಿಲೆ) ಪ್ರಕರಣಗಳಲ್ಲಿದೆ. ಅವು ಮುಟ್ಟಿನ ಸಮಯದಲ್ಲಿ ದೇಹದ ಒಳಗೆ ಇಟ್ಟುಕೊಳ್ಳೋ, ಅತಿಯಾಗಿ ಹೀರುವ ಟ್ಯಾಂಪೂನ್‌ಗಳಿಗೆ ಸಂಬಂಧಿಸಿದ್ದು. ಡೈಪರ್ ಮೈಯ ಹೊರಗೆ ಇರೋ ವಸ್ತು, ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಡೈಪರ್ ಬಿಚ್ಚಿದಾಗ ಪಾರದರ್ಶಕ ಮಣಿಗಳು ಚರ್ಮಕ್ಕೆ ಅಂಟಿರೋದು ಕಂಡರೆ ಒರೆಸಿ ತೆಗೆದರೆ ಸಾಕು. ಅಂದ್ರೆ ಡೈಪರ್ ತುಂಬಿ ಹರಿದಿದೆ, ಬದಲಿಸೋದು ತಡವಾಗಿದೆ ಅಂತ.

ಹೆದರಬೇಕಾದ್ದು ಏನಾದರೂ ಇದ್ದರೆ ಅದು ಸುಗಂಧ. ಫ್ರಾನ್ಸಿನ ಆರೋಗ್ಯ ಸುರಕ್ಷತಾ ಸಂಸ್ಥೆ ಆನ್ಸೆಸ್ 2019ರ ಜನವರಿಯಲ್ಲಿ ಡೈಪರ್‌ಗಳ ಬಗ್ಗೆ ವರದಿ ಕೊಟ್ಟಿತು. ಸುಗಂಧದ ವಸ್ತುಗಳು, ಡಯಾಕ್ಸಿನ್, ಫಾರ್ಮಾಲ್ಡಿಹೈಡ್, ಪಿಎಎಚ್ (ಇಂಧನ ಅರೆಬರೆ ಉರಿದಾಗ ಹುಟ್ಟೋ ವಸ್ತುಗಳು) ಇಂಥ ಹಾನಿಕಾರಕ ವಸ್ತುಗಳು ಕೆಲವು ಡೈಪರ್‌ಗಳಲ್ಲಿ ಕಂಡುಬಂದಿವೆ, ಕೆಲವಕ್ಕೆ ಸುರಕ್ಷಿತ ಮಿತಿ ಮೀರುವ ಸಾಧ್ಯತೆಯನ್ನ ತಳ್ಳಿಹಾಕೋಕೆ ಆಗಲ್ಲ ಅಂದಿತು. ಅವರ ಶಿಫಾರಸುಗಳಲ್ಲಿ ಒಂದು, ಡೈಪರ್‌ಗಳಿಂದ ಸುಗಂಧವನ್ನ ಪೂರ್ತಿ ತೆಗೆಯಿರಿ ಅಂತ. ಮಗುವಿಗೆ ಸುಗಂಧದಿಂದ ಏನೂ ಉಪಯೋಗ ಇಲ್ಲ. ನಿಮಗೂ ಇಲ್ಲ, ಯಾಕಂದ್ರೆ ವಾಸನೆ ಬಂದರೆ ತಾನೆ ಬದಲಿಸಬೇಕು ಅಂತ ಗೊತ್ತಾಗೋದು.

ಒದ್ದೆಯಾದಾಗ ಬಣ್ಣ ಬದಲಾಗೋ ಗೆರೆ ಮೂತ್ರದ ತೇವಕ್ಕೆ ಪ್ರತಿಕ್ರಿಯಿಸುವ ಬಣ್ಣ. ಅದು ಹೊರಪದರದ ಒಳಬದಿಯಲ್ಲಿರುತ್ತೆ, ಚರ್ಮಕ್ಕೆ ತಾಗಲ್ಲ. ಮೊದಲ ದಿನಗಳಲ್ಲಿ ಮಗು ಸಾಕಷ್ಟು ಹಾಲು ಕುಡೀತಿದೆಯಾ ಅಂತ ಒದ್ದೆ ಡೈಪರ್ ಎಣಿಸೋಕೆ ಅದು ನೆರವಾಗುತ್ತೆ, ಆಮೇಲೆ ಬೇಕಾಗಲ್ಲ.

ಕೆಂಪಾದರೆ ಮೊದಲು ಡೈಪರ್ ಇಲ್ಲದೆ ಸ್ವಲ್ಪ ಹೊತ್ತು ಗಾಳಿಯಾಡಲು ಬಿಡಿ, ಬೇಗ ಬೇಗ ಬದಲಿಸಿ, ಝಿಂಕ್ ಆಕ್ಸೈಡ್ ಇರೋ ಕೆನೆ ಹಚ್ಚಿ. ಎರಡು ಮೂರು ದಿನದಲ್ಲಿ ಇಳಿಯದಿದ್ದರೆ, ಮಡಿಕೆಗಳ ಒಳಗೆ ಗಾಢ ಕೆಂಪಾಗಿ ಅಂಚಿನಲ್ಲಿ ಚುಕ್ಕಿ ಚುಕ್ಕಿ ಕಂಡರೆ ಶಿಲೀಂಧ್ರದ ಸೋಂಕಿರಬಹುದು, ವೈದ್ಯರಿಗೆ ತೋರಿಸಿ. ಕಡಿಮೆ ಡೈಪರ್ ಬಳಸಬೇಕು ಅಂತ ಒದ್ದೆ ಡೈಪರ್‌ನಲ್ಲೇ ಮಗುವನ್ನ ಬಿಡಬೇಡಿ. ಮಲ ಮಾಡಿದ್ದರಂತೂ ತಕ್ಷಣ ಬದಲಿಸಿ. ಪರಿಸರದ ಉಳಿತಾಯ ಮಗುವಿನ ಚರ್ಮದಿಂದ ಆಗಬಾರದು.

ಕಡಲತೀರ:
ಬಿದಿರಿನ ಡೈಪರ್ ಬಗ್ಗೆ ಯಾರಾದರೂ ಹೇಳ್ತೀರಾ? ನಮ್ಮ ಮನೆಗೆ ಉಡುಗೊರೆಯಾಗಿ ಒಂದು ಪ್ಯಾಕೆಟ್ ಬಂದಿದೆ, ಮುಟ್ಟೋಕೆ ತುಂಬ ಮೃದು.

ಕಾಡುಮಲ್ಲಿಗೆ:
ಬಟ್ಟೆ ನೂಲುಗಳ ತಪಾಸಣೆ ನನ್ನ ಕೆಲಸ, ಹಾಗಾಗಿ ಇದಕ್ಕೆ ನಾನೇ ಉತ್ತರ ಕೊಡ್ತೀನಿ.

ಬಿದಿರು ಬೇಗ ಬೆಳೆಯೋ ಗಿಡ ಅನ್ನೋದು ಸತ್ಯ. ಆದರೆ ಗಟ್ಟಿ ಬಿದಿರು ಮೃದು ಎಳೆಯಾಗೋದು ಹೆಚ್ಚಾಗಿ ವಿಸ್ಕೋಸ್ ವಿಧಾನದಲ್ಲಿ. ತಿರುಳನ್ನ ಕಾಸ್ಟಿಕ್ ಸೋಡಾ, ಕಾರ್ಬನ್ ಡೈಸಲ್ಫೈಡ್ ಬಳಸಿ ಕರಗಿಸಿ ಮತ್ತೆ ಎಳೆ ಮಾಡ್ತಾರೆ. ಕಾರ್ಬನ್ ಡೈಸಲ್ಫೈಡ್ ಕಾರ್ಖಾನೆಯ ಕೆಲಸಗಾರರ ನರಮಂಡಲಕ್ಕೆ ಹಾನಿ ಮಾಡೋ ವಸ್ತು. ಮಗುವಿನ ಚರ್ಮಕ್ಕೆ ಬರೋ ಹೊತ್ತಿಗೆ ಅದು ಬಟ್ಟೆಯಲ್ಲಿ ಉಳಿದಿರಲ್ಲ, ಆದರೆ ಎಲ್ಲೋ ಯಾರೋ ಅದನ್ನ ಉಸಿರಾಡಿರ್ತಾರೆ. ದ್ರಾವಕವನ್ನ ಹೊರಬಿಡದೆ ಮತ್ತೆ ಮತ್ತೆ ಬಳಸೋ ಲಯೋಸೆಲ್ ವಿಧಾನದಲ್ಲಿ ಮಾಡಿದ್ದಾದರೆ ಒಳ್ಳೇದು, ಅದನ್ನ ಪ್ಯಾಕೆಟ್ ಮೇಲೆ ಬರೆದಿರ್ತಾರೆ. ಬರೆದಿಲ್ಲದಿದ್ದರೆ ವಿಸ್ಕೋಸ್ ಅಂತಲೇ ತಿಳ್ಕೊಳ್ಳಿ. ಸಾಮಾನ್ಯವಾಗಿ ಬಿದಿರು ಇರೋದು ಮೇಲ್ಪದರದಲ್ಲಿ ಮಾತ್ರ, ಉಳಿದದ್ದು ಎಲ್ಲ ಡೈಪರ್‌ನಂತೆಯೇ. ಉಡುಗೊರೆ ಬಂದಿದ್ದನ್ನ ಖಂಡಿತ ಬಳಸಿ, ಎಸೆಯೋದು ಇನ್ನೂ ತಪ್ಪು.

ಹಾಗೇ ಮುಂಜಾವು ಅವರು ಕೇಳಿದ ಗುರುತುಗಳ ಬಗ್ಗೆ. ಕಂಪನಿಯೇ ಬರೆದುಕೊಂಡ ಹಸಿರು ಎಲೆಗೂ ಹೊರಗಿನವರು ಪರೀಕ್ಷಿಸಿ ಕೊಟ್ಟ ಗುರುತಿಗೂ ಅಜಗಜಾಂತರ. ಉತ್ತರ ಯುರೋಪಿನ ದೇಶಗಳ ನಾರ್ಡಿಕ್ ಸ್ವಾನ್ (1989ರಿಂದ ಇದೆ) ಮತ್ತು ಯುರೋಪಿಯನ್ ಒಕ್ಕೂಟದ ಇಯು ಇಕೋಲೇಬಲ್ (1992) ನನಗೆ ಹೆಚ್ಚು ನಂಬಿಕೆಯವು, ಯಾಕಂದ್ರೆ ಅವು ತಿರುಳು ಎಲ್ಲಿಂದ ಬಂತು ಅನ್ನೋದರಿಂದ ಹಿಡಿದು ಕಾರ್ಖಾನೆಯ ಕಸದವರೆಗೆ ಇಡೀ ಉತ್ಪನ್ನವನ್ನ ನೋಡ್ತವೆ, ಮಕ್ಕಳ ಡೈಪರ್‌ಗೆ ಸುಗಂಧವನ್ನೂ ಬಿಡಲ್ಲ. ಎಫ್‌ಎಸ್‌ಸಿ ಅನ್ನೋ ಅರಣ್ಯ ಗುರುತು ಮರದ ಮೂಲದ ಬಗ್ಗೆ ಮಾತ್ರ ಹೇಳುತ್ತೆ. ಓಕೋಟೆಕ್ಸ್ ಸ್ಟ್ಯಾಂಡರ್ಡ್ 100 ಹಾನಿಕಾರಕ ವಸ್ತುಗಳಿಗಾಗಿ ಪರೀಕ್ಷೆ ಮಾಡುತ್ತೆ, ಚರ್ಮದ ದೃಷ್ಟಿಯಿಂದ ಒಳ್ಳೇ ಗುರುತು, ಕಸದ ಬಗ್ಗೆ ಅದು ಏನೂ ಹೇಳಲ್ಲ. "ಚರ್ಮತಜ್ಞರಿಂದ ಪರೀಕ್ಷಿತ" ಅನ್ನೋ ಸಾಲಿಗೆ ಎಲ್ಲರೂ ಒಪ್ಪಿದ ಅರ್ಥವೇ ಇಲ್ಲ.

ಕ್ಲೋರಿನ್ ಬಗ್ಗೆ ಒಂದು ಮಾತು. ಟಿಸಿಎಫ್ ಅಂದರೆ ಕ್ಲೋರಿನ್ ಸಂಯುಕ್ತ ಒಂದೂ ಬಳಸದೆ, ಆಮ್ಲಜನಕ, ಹೈಡ್ರೋಜನ್ ಪೆರಾಕ್ಸೈಡ್‌ನಂಥವುಗಳಿಂದ ಬಿಳಿ ಮಾಡಿದ್ದು. ಇಸಿಎಫ್ ಅಂದರೆ ಕ್ಲೋರಿನ್ ಅನಿಲ ಬಿಟ್ಟು ಕ್ಲೋರಿನ್ ಡೈಆಕ್ಸೈಡ್ ಬಳಸಿದ್ದು. ಹಳೇ ವಿಧಾನಕ್ಕಿಂತ ಎರಡೂ ಎಷ್ಟೋ ಮೇಲು. ಸಿಕ್ಕರೆ ಟಿಸಿಎಫ್ ಆರಿಸಿ.

ಕಡಲತೀರ:
ಎಸೆಯೋವಾಗ ಏನು ಮಾಡಬೇಕು? ಟಾಯ್ಲೆಟ್‌ಗೆ ಹಾಕಬಹುದು ಅಂತ ಒಂದು ಕಡೆ ಓದಿದ್ದೆ.

ಹೊಂಗೆನೆರಳು:
ಡೈಪರ್ ಆಗಲಿ ವೈಪ್ಸ್ ಆಗಲಿ ಟಾಯ್ಲೆಟ್‌ಗೆ ಯಾವತ್ತೂ ಹಾಕಬೇಡಿ. ಜೆಲ್ ಪೈಪಿನೊಳಗೇ ಉಬ್ಬುತ್ತೆ. ಟಾಯ್ಲೆಟ್‌ಗೆ ಹೋಗಬೇಕಾದ್ದು ಮಲ ಮಾತ್ರ. ಅದನ್ನ ಉದುರಿಸಿ ನೀರು ಬಿಟ್ಟು, ಡೈಪರನ್ನ ಅದರದ್ದೇ ಪಟ್ಟಿಯಿಂದ ಬಿಗಿಯಾಗಿ ಸುತ್ತಿ, ಕಾಗದದಲ್ಲಿ ಮುಚ್ಚಿ ಬೇರೆ ಇಡಿ. ಒಂದೊಂದಕ್ಕೂ ಒಂದೊಂದು ಪ್ಲಾಸ್ಟಿಕ್ ಚೀಲ ಬೇಡ. ಹಸಿ ಕಸಕ್ಕೂ ಬೇಡ, ಮರುಬಳಕೆಯ ಒಣ ಕಸಕ್ಕೂ ಬೇಡ. ಕಸ ವಿಂಗಡಿಸುವವರು ಬಹಳ ಕಡೆ ಬರಿಗೈಯಲ್ಲಿ ಮುಟ್ಟೋದು ಅದನ್ನ, ಇದನ್ನ ನಾನು ದಿನಾ ನೋಡ್ತೀನಿ. ದಯವಿಟ್ಟು ಸುತ್ತಿ ಕೊಡಿ, ಕಾಗದದ ಮೇಲೆ ಒಂದು ಗುರುತನ್ನೂ ಹಾಕಿ.

ಡೈಪರ್‌ಗಳನ್ನ ನಿಜಕ್ಕೂ ಮರುಬಳಕೆ ಮಾಡೋದು ಸಾಧ್ಯ. ಜಪಾನಿನ ಶಿಬುಶಿ ನಗರದಲ್ಲಿ ಬಳಸಿದ ಡೈಪರ್ ಬೇರೆಯಾಗಿ ಸಂಗ್ರಹಿಸಿ, ಯೂನಿಚಾರ್ಮ್ ಕಂಪನಿ ತಿರುಳನ್ನ ಓಝೋನ್‌ನಿಂದ ಶುದ್ಧ ಮಾಡಿ ಮತ್ತೆ ಬಳಸೋ ವ್ಯವಸ್ಥೆ ಕಟ್ಟಿದೆ. ವೇಲ್ಸ್‌ನಲ್ಲಿ ಡೈಪರ್ ಎಳೆಗಳನ್ನ ರಸ್ತೆಯ ಡಾಂಬರಿಗೆ ಬೆರೆಸಿದ್ದಾರೆ. ಆದರೆ ಇದೆಲ್ಲ ಬೇರೆಯಾಗಿ ಸಂಗ್ರಹ ಮಾಡೋ ಕಡೆ ಮಾತ್ರ. ನಿಮ್ಮ ಸ್ಥಳೀಯ ಆಡಳಿತಕ್ಕೆ ಇಂಥದ್ದು ಬೇಕು ಅಂತ ಬರೆದು ಕೇಳಿ, ಕೇಳುವವರು ಇಲ್ಲದೆ ಯಾವುದೂ ಶುರುವಾಗಲ್ಲ.

ಮುಂಜಾವು:
ಎಲ್ಲವನ್ನೂ ಬರೆದಿಟ್ಕೊಂಡೆ. ಹಗಲು ಬಟ್ಟೆ ಡೈಪರ್, ಹಗ್ಗದ ಮೇಲೆ ಒಣಗಿಸೋದು. ರಾತ್ರಿಗೆ ಸುಗಂಧ ಇಲ್ಲದ, ತೆಳ್ಳಗಿನ, ಟಿಸಿಎಫ್ ತಿರುಳಿನ, ಹೊರಗಿನವರು ಕೊಟ್ಟ ಗುರುತಿರೋ ಒಂದೆರಡು ಬಗೆಯ ಚಿಕ್ಕ ಪ್ಯಾಕೆಟ್ ತಂದು ನೋಡ್ತೀನಿ. ಕಾಂಪೋಸ್ಟ್ ಘಟಕ ನಮ್ಮ ಕಡೆ ಇಲ್ಲ, ಹಾಗಾಗಿ ಅದಕ್ಕಂತ ಹೆಚ್ಚು ಹಣ ಕೊಡಲ್ಲ.

ಕೊನೇದಾಗಿ ಒಂದು ಪ್ರಶ್ನೆ. ರಾತ್ರಿಗೆ ಅಂತಲೇ ಬರೋ ದಪ್ಪ ಡೈಪರ್ ಬೇಕಾ, ಅಥವಾ ಸಾಮಾನ್ಯದ್ದೇ ಒಂದು ಅಳತೆ ದೊಡ್ಡದು ಹಾಕಬಹುದಾ?

ಎರಡು ಮಕ್ಕಳ ಅಮ್ಮ:
ಮೊದಲ ಕೆಲವು ತಿಂಗಳು ಎರಡೂ ಬೇಡ. ರಾತ್ರಿ ಹಾಲಿಗೆ ಏಳುವಾಗ ಹೇಗೂ ಬದಲಿಸ್ತೀರಿ. ಮಗು ಉದ್ದಕ್ಕೆ ನಿದ್ದೆ ಮಾಡೋಕೆ ಶುರುಮಾಡಿದ ಮೇಲೆ, ಇರೋದೇ ಸೋರಿದರೆ ಮಾತ್ರ ಒಂದು ಅಳತೆ ದೊಡ್ಡದು ಹಾಕಿ ನೋಡಿ, ತೊಡೆಯ ಹತ್ತಿರ ಸಡಿಲ ಆಗದಿದ್ದರೆ ಅದೇ ಸಾಕು.